ಹೋಗೆಂದರೂ ಹೋಗದ ಫೈಲು

ಹಡಗಲಿ ಕಡೆಯ ಪಾಲಕರೊಬ್ಬರು ಫೋನ್ ಮಾಡಿದ್ದರು. ಮಗ ಬಿ.ಎ. ಕೊನೆಯ ವರ್ಷದಲ್ಲಿದ್ದಾನೆ. ಮನೆಯಲ್ಲಿರುವುದು ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್. ಡಿಸ್ಕ್ ತುಂಬಿಹೋಗಿದೆ ಎಂದು ಒಂದು ಹಳೆಯ ಫೋಲ್ಡರನ್ನು ಅಳಿಸಲು ಹೋದರೆ ಅದು ಜಪ್ಪಯ್ಯ ಅನ್ನುತ್ತಿಲ್ಲ. “ಮೂರು ದಿನ ಆತ್ರಿ, ಏನ್ ಮಾಡಿದ್ರೂ ಹೋಗವಲ್ದು. ರಿಪೇರಿಯವ್ರು ಫಾರ್ಮ್ಯಾಟ್ ಮಾಡಿಸಿಬಿಡ್ರಿ ಅಂತಾರ. ಮಾಡಿಸ್ಲೇನ್ರಿ ಸರ್?” ಎಂದು ಕೇಳಿದರು.

“ಆ ಡಿಸ್ಕಿನಲ್ಲಿ ಬೇರೆ ಏನೇನಿದೆ?” ಎಂದು ನಾನು ಕೇಳಿದೆ. ಮಗನ ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರ, ಹೊಲದ ಪಹಣಿ, ಮಗಳ ಮದುವೆಯ ಫೋಟೋಗಳು ಎಲ್ಲವೂ ಅಲ್ಲೇ ಇವೆಯಂತೆ! ಬೇರೆಲ್ಲೂ ಪ್ರತಿ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಇವೆಲ್ಲ ಒಂದೇ ಏಟಿಗೆ ಹೋಗುತ್ತವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಅಂದರೆ ಇದೇ ಅಲ್ಲವೆ?

ಕಂಪ್ಯೂಟರ್ ಒಂದು ಫೈಲನ್ನು ಅಳಿಸಲು ಒಪ್ಪದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಅದು ಪರದೆಯ ಮೇಲೆ ಹೇಳಿಯೂ ಹೇಳುತ್ತದೆ. ನಾವು ಓದದೆ ‘ಓಕೆ’ ಒತ್ತುತ್ತೇವೆ, ಅಷ್ಟೆ.

ಹುಡುಗನಿಗೆ ಫೋನ್ ಕೊಡಿಸಿ ಆ ಸಂದೇಶ ಓದಿಸಿದೆ. ಹೆಸರು ಬಹಳ ಉದ್ದವಾಯಿತು ಎಂಬುದೇ ಅದರ ಸಾರ. ಕಾರಣ ಕೇಳಿದಾಗ ಸಂಗತಿ ಹೊರಬಿತ್ತು. ಅವನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕೆರೆಗಳ ಬಗ್ಗೆ ಪ್ರಾಜೆಕ್ಟ್ ವರದಿ ಬರೆದಿದ್ದ. 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿದವು ಈ ಐದೇ ತಾನೆ? ಊರೂರು ತಿರುಗಿ ಬಂದಂತೆಲ್ಲ ಹೊಸ ಫೋಲ್ಡರ್ ಮಾಡಿದ್ದ. ಆದರೆ ಒಂದರ ಪಕ್ಕ ಒಂದು ಇಡುವ ಬದಲು ಒಂದರೊಳಗೆ ಒಂದು ಇಡುತ್ತ ಹೋಗಿದ್ದ. ಹೋಬಳಿ, ಹಳ್ಳಿ, ಕೆರೆ, ಫೋಟೋ ಎಂದು ಅದರೊಳಗೆ ಮತ್ತಷ್ಟು. ಕೊನೆಗೆ ಎಲ್ಲಕ್ಕಿಂತ ಹೊರಗಿನ ಫೋಲ್ಡರಿಗೆ ವರದಿಯ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿಟ್ಟಿದ್ದ.

ವಿಂಡೋಸ್ ಒಂದು ಫೈಲಿನ ವಿಳಾಸವನ್ನು ಡ್ರೈವಿನ ಹೆಸರಿನಿಂದ ಹಿಡಿದು ಕೊನೆಯ ಫೈಲಿನ ಹೆಸರಿನವರೆಗೆ ಒಟ್ಟಾಗಿ ಎಣಿಸುತ್ತದೆ. ಇದು 260 ಚಿಹ್ನೆಗಳ ಮಿತಿ ದಾಟಿದರೆ ಫೈಲನ್ನು ತೆರೆಯುವುದೂ ಕಷ್ಟ, ಅಳಿಸುವುದೂ ಕಷ್ಟ. 2016ರಲ್ಲಿ ವಿಂಡೋಸ್ 10ರ ಒಂದು ಆವೃತ್ತಿಯಲ್ಲಿ ಈ ಮಿತಿ ಸಡಿಲಿಸುವ ಅವಕಾಶ ಬಂತು. ವಿಂಡೋಸ್ 7ರಲ್ಲಿ ಅದು ಇಲ್ಲ.

ಇಲ್ಲಿ ಕನ್ನಡ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಸ್ವಾರಸ್ಯವಿದೆ. ‘ಕೂಡ್ಲಿಗಿ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಎಂಟು! ಕ, ಅದರ ದೀರ್ಘ, ಡ, ಅದನ್ನು ಅರ್ಧಾಕ್ಷರ ಮಾಡುವ ಗುರುತು, ಲ, ಗುಡಿಸು, ಗ, ಮತ್ತೊಂದು ಗುಡಿಸು ಎಂದು ಯಂತ್ರ ಒಂದೊಂದನ್ನೂ ಬೇರೆ ಬೇರೆ ಎಣಿಸುತ್ತದೆ. ‘ಹಗರಿಬೊಮ್ಮನಹಳ್ಳಿ’ ಎಂಟು ಅಕ್ಷರವಾದರೆ ಯಂತ್ರಕ್ಕೆ ಹದಿನೈದು. ಐದೂ ತಾಲ್ಲೂಕುಗಳ ಹೆಸರು ಕೂಡಿದರೆ ನಮಗೆ 24, ಅದಕ್ಕೆ 45. ಹಾಗೆಂದು ಕನ್ನಡದ್ದೇ ತಪ್ಪು ಎನ್ನಬೇಡಿ. ಹಗರಿಬೊಮ್ಮನಹಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆದರೆ 18 ಅಕ್ಷರ ಬೇಕು! ತಪ್ಪು ಇರುವುದು ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟದ್ದರಲ್ಲಿ.

ಪರಿಹಾರ ಸುಲಭ. ಮೊದಲು ಬೇಕಾದ ದಾಖಲೆಗಳನ್ನು ಪೆನ್‌ಡ್ರೈವಿಗೆ ಪ್ರತಿ ಮಾಡಿ, ಅಲ್ಲಿಂದ ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಎಲ್ಲಕ್ಕಿಂತ ಹೊರಗಿನ ಫೋಲ್ಡರಿನ ಹೆಸರನ್ನು ‘ಕ’ ಎಂದು ಒಂದಕ್ಷರಕ್ಕೆ ಇಳಿಸಬೇಕು. ಒಳಗೆ ಹೋಗಿ ಮುಂದಿನದನ್ನು ‘ಖ’, ಅದರೊಳಗಿನದನ್ನು ‘ಗ’ ಮಾಡುತ್ತ ಸಾಗಬೇಕು. ವಿಳಾಸ ಚಿಕ್ಕದಾದಂತೆ ಬಾಗಿಲು ತೆರೆಯುತ್ತದೆ. ಒಳಗೆ ಏನಿದೆ ಎಂದು ನೋಡಿಯೇ ಅಳಿಸಬೇಕು.

ಬೇರೆ ಕಾರಣಗಳೂ ಉಂಟು. ಫೈಲು ‘ಇನ್ ಯೂಸ್’ ಎಂದರೆ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆ ಎಂದರ್ಥ. ಎಲ್ಲವನ್ನೂ ಮುಚ್ಚಿ ‘ರೀಸ್ಟಾರ್ಟ್’ ಮಾಡಿ. ವಿಂಡೋಸ್ 10ರಲ್ಲಿ ‘ಶಟ್ ಡೌನ್’ ಮಾಡಿದರೆ ಸಾಲದು. ಬೇಗ ಶುರುವಾಗಲೆಂದು ಅದು ಕೆಲವನ್ನು ನೆನಪಿಟ್ಟುಕೊಂಡೇ ಮಲಗುತ್ತದೆ. ‘ಆಕ್ಸೆಸ್ ಡಿನೈಡ್’ ಎಂದರೆ ನಿಮಗೆ ಅನುಮತಿ ಇಲ್ಲ ಎಂದರ್ಥ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಹಿಂದಿನ ಮಾಲೀಕರ ಖಾತೆಯ ಫೈಲುಗಳು ಹೀಗೆ ಉಳಿದಿರುತ್ತವೆ. ‘ಅಡ್ಮಿನಿಸ್ಟ್ರೇಟರ್’ ಖಾತೆಯಿಂದ ಪ್ರಯತ್ನಿಸಿ. ಆದರೆ ‘ವಿಂಡೋಸ್’ ಎಂಬ ಫೋಲ್ಡರಿನ ಒಳಗಿನದು ಅಳಿಯದಿದ್ದರೆ ಕೈಮುಗಿದು ಬಿಟ್ಟುಬಿಡಿ. ಅದು ಮನೆಯ ಕಂಬ. ಮೆಮರಿ ಕಾರ್ಡಾದರೆ ಅದರ ಅಡಾಪ್ಟರಿನ ಪಕ್ಕದಲ್ಲಿರುವ ಪುಟ್ಟ ‘ಲಾಕ್’ ಗುಂಡಿ ಜಾರಿದೆಯೇ ನೋಡಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅಳಿಸುವ ಯೋಚನೆ ಬಿಟ್ಟು ಮೊದಲು ಪ್ರತಿ ಮಾಡಿಕೊಳ್ಳಿ, ಡಿಸ್ಕ್ ಸಾಯುತ್ತಿರಬಹುದು. ಹಟಮಾರಿ ಫೈಲನ್ನು ಕಿತ್ತೊಗೆಯುತ್ತೇವೆ ಎಂದು ಎಲ್ಲೆಂದರಲ್ಲಿ ಸಿಗುವ ಪುಕ್ಕಟೆ ತಂತ್ರಾಂಶಗಳನ್ನು ಮಾತ್ರ ನಂಬಬೇಡಿ. ವಿಂಡೋಸ್ 7ಕ್ಕೆ ಕಂಪೆನಿಯ ರಕ್ಷಣೆ 2020ರ ಜನವರಿ 14ಕ್ಕೇ ನಿಂತಿದೆ. ಅಂಥ ಯಂತ್ರಕ್ಕೆ ಹೊರಗಿನ ಕಳ್ಳ ಬಲು ಬೇಗ ನುಗ್ಗುತ್ತಾನೆ.

ಎರಡು ದಿನದ ನಂತರ ಹುಡುಗನೇ ಫೋನ್ ಮಾಡಿದ. ಹೆಸರು ಚಿಕ್ಕದು ಮಾಡಿ ಒಳಗೆ ಹೋದರೆ, ಕೊಟ್ಟೂರು ತಾಲ್ಲೂಕಿನ ಕೆರೆಗಳ ಫೋಟೋಗಳು ಆ ‘ಹಳೆಯ’ ಫೋಲ್ಡರಿನಲ್ಲಿ ಮಾತ್ರ ಇದ್ದವಂತೆ. ಬೇರೆಡೆಗೆ ಪ್ರತಿ ಮಾಡಿದ್ದೇನೆ ಎಂದೇ ಅವನು ತಿಳಿದಿದ್ದ. ಮೊದಲ ದಿನವೇ ಕಂಪ್ಯೂಟರ್ ಅವನ ಮಾತು ಕೇಳಿದ್ದರೆ ಮತ್ತೆ ಊರೂರು ಅಲೆಯಬೇಕಾಗುತ್ತಿತ್ತು.

ಪಾಲಕರಲ್ಲಿ ಒಂದು ವಿನಂತಿ. ಈ ಭಾನುವಾರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಮುಖ್ಯ ದಾಖಲೆಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಪ್ರತಿ ಮಾಡಿಸಿ, ಬೀರುವಿನಲ್ಲಿಡಿ. ಆಮೇಲೆ ಯಾವ ಫೈಲು ಹಟ ಮಾಡಿದರೂ ನಿಮಗೆ ಎದೆ ಡವಗುಟ್ಟುವುದಿಲ್ಲ.