ಅಳತೆಯರಿತ ಅಲಗು

ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಕಬ್ಬಿಣದ ಆಯುಷ್ಯವೆಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಆಷಾಢದಲ್ಲಿ ಒರೆಸಿಟ್ಟ ಕತ್ತಿ ಶ್ರಾವಣದ ಹೊತ್ತಿಗೆ ಕೆಂಪೇರಿರುತ್ತದೆ. ಅಂತಹ ಕಳಸದ ಸೀಮೆಯ ನಮ್ಮ ಮನೆಯಲ್ಲಿ ಸುಮಾರು ಅರುವತ್ತು ಮಳೆಗಾಲಗಳನ್ನು ಕಂಡೂ ಕೆಡದೆ ಉಳಿದಿದ್ದ ವಸ್ತುವೊಂದುಂಟು. ಅದು ತೀರ್ಥರೂಪರು ಬಳಸುತ್ತಿದ್ದ ಗಿಲೆಟ್ ರೇಜರು.

ತಂದೆಯವರು ಮೂಡಿಗೆರೆಯ ಬಳಿಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ತೋಟದ ಯಜಮಾನರು ವಿದೇಶ ಪ್ರವಾಸದಿಂದ ಮರಳಿದಾಗ ಪ್ರೀತಿಯಿಂದ ಅದನ್ನು ಕೊಟ್ಟಿದ್ದರು. ಪರದೇಶದ ಸರಕು ನಮ್ಮಲ್ಲಿ ಸುಲಭವಾಗಿ ಸಿಗದಿದ್ದ ಕಾಲವದು. ಹಿತ್ತಾಳೆಯ ಒಡಲು, ಮೇಲೆ ನಿಕ್ಕಲಿನ ಲೇಪ. ತುಕ್ಕು ಹತ್ತದಿರಲು ಇದೇ ಕಾರಣ.

ಕಳೆದ ದಸರೆಗೆ ಬೆಂಗಳೂರಿನಿಂದ ಬಂದಿದ್ದ ನಮ್ಮಣ್ಣನ ಮೊಮ್ಮಗ ಅದನ್ನು ಕಂಡು ತಲೆಕೆಳಗು ಮಾಡಿ ನೋಡಿದ. ತಲೆಯ ಅಡಿಯಲ್ಲಿ ಜೆ ಎಂಬ ಅಕ್ಷರವೂ 2 ಎಂಬ ಅಂಕಿಯೂ ಕೊರೆದಿದ್ದವು. ತನ್ನ ಫೋನಿನಲ್ಲಿ ಹುಡುಕಿ, ಇದು 1964ನೆಯ ವರ್ಷದ ಎರಡನೆಯ ತ್ರೈಮಾಸಿಕದಲ್ಲಿ ತಯಾರಾದುದೆಂದು ಹೇಳಿದ. ಬಳಿಕ, “ಚಿಕ್ಕಜ್ಜಾ, ಇಂತಹವನ್ನು ಹುಡುಕಿ ಕೊಳ್ಳುವವರಿದ್ದಾರೆ. ಮನೆಯಲ್ಲಿ ಯಾರೂ ಬಳಸುವುದಿಲ್ಲವಲ್ಲ, ಮಾರಿಬಿಡೋಣವೇ?” ಎಂದು ಕೇಳಿದ. ನಾನು ಕೂಡಲೇ ಉತ್ತರಿಸಲಿಲ್ಲ.

ಅಮೆರಿಕದ ಕಿಂಗ್ ಕ್ಯಾಂಪ್ ಗಿಲೆಟ್ ಎಂಬಾತ ಬ್ಲೇಡನ್ನು ಬದಲಾಯಿಸಬಹುದಾದ ಸೇಫ್ಟಿ ರೇಜರನ್ನು ಮಾರುಕಟ್ಟೆಗೆ ತಂದುದು 1903ರಲ್ಲಿ. ಪೇಟೆಂಟು ದೊರೆತುದು 1904ರಲ್ಲಿ. ಅದುವರೆಗೆ ಹೆಚ್ಚಿನವರು ಮಡಿಸುವ ಕತ್ತಿಯನ್ನು ತೊಗಲಿನ ಪಟ್ಟಿಗೆ ಮಸೆದು ಬಳಸಬೇಕಾಗಿತ್ತು. ನಾನು ಓದಿದ ಮಠಕ್ಕೆ ಬರುತ್ತಿದ್ದ ಕ್ಷೌರಿಕರ ಕೈಯಲ್ಲಿ ಆ ಕತ್ತಿಯನ್ನು ಬಾಲ್ಯದಲ್ಲಿ ನೋಡಿದ್ದೇನೆ. ಅದಕ್ಕೆ ಪಳಗಿದ ಕೈ ಬೇಕು. ಸೇಫ್ಟಿ ರೇಜರು ಬಂದ ಮೇಲೆ ಯಾರು ಬೇಕಾದರೂ ತಮ್ಮ ಗಡ್ಡವನ್ನು ತಾವೇ ತೆಗೆದುಕೊಳ್ಳುವಂತಾಯಿತು. ಆದರೆ ಎಲ್ಲ ಮುಖಗಳೂ ಒಂದೇ ಅಲ್ಲವಷ್ಟೆ. ಒಬ್ಬನ ಗಡ್ಡ ದರ್ಭೆಯಂತೆ ಗಡುಸು, ಇನ್ನೊಬ್ಬನ ಚರ್ಮ ಎಲೆಯಂತೆ ಮೃದು. ಈ ತೊಡಕಿಗೆ ಉತ್ತರವಾಗಿ 1958ರಲ್ಲಿ ಆ ಕಂಪನಿ ಹೊಂದಿಸಿಕೊಳ್ಳಬಹುದಾದ ರೇಜರನ್ನು ತಂದಿತು. 1961ರಲ್ಲಿ ತೆಳುವಾದ ಹಿಡಿಯದು ಬಂದಿತು. ನಮ್ಮಲ್ಲಿದ್ದುದು ಈ ಎರಡನೆಯ ಬಗೆಯದು.

ಅದರ ಕುತ್ತಿಗೆಯಲ್ಲಿ 1ರಿಂದ 9ರವರೆಗೆ ಅಂಕಿಗಳಿರುವ ಬಳೆಯೊಂದಿದೆ. ತಿರುಗಿಸಿದರೆ ಬ್ಲೇಡಿನ ಅಂಚಿಗೂ ಕೆಳಗಿನ ರಕ್ಷಾಪಟ್ಟಿಗೂ ನಡುವಣ ಸಂದು ಹಿಗ್ಗುತ್ತದೆ, ಕುಗ್ಗುತ್ತದೆ. ಅಂಕಿ ಸಣ್ಣದಾದಷ್ಟೂ ಅಲಗು ಸೌಮ್ಯ, ದೊಡ್ಡದಾದಷ್ಟೂ ಉಗ್ರ. ಹಿಡಿಯ ತುದಿಯನ್ನು ತಿರುಗಿಸಿದರೆ ತಲೆಯ ಎರಡು ರೆಕ್ಕೆಗಳು ತೆರೆದು ಬ್ಲೇಡಿಗೆ ಎಡೆಮಾಡುತ್ತವೆ. ಇಂದು ಅಂಗಡಿಯಲ್ಲಿ ಸಿಗುವ ಟೋಪಾಜ್, ಸೆವೆನ್ ಓ ಕ್ಲಾಕ್ ಮುಂತಾದ ಎರಡಂಚಿನ ಬ್ಲೇಡುಗಳೂ ಅದಕ್ಕೆ ಸರಿಹೊಂದುತ್ತವೆ.

ತಂದೆಯವರ ಅಂಕಿ ಐದು. ನಲವತ್ತರಲ್ಲಿಯೂ ಐದು, ಅರುವತ್ತರಲ್ಲಿಯೂ ಐದು. ಬಿಸಿನೀರು, ಬ್ರಷ್ಷಿನ ನೊರೆ, ಆಮೇಲೆ ಪಟಿಕದ ತುಂಡು. ಅದು ಮುಗಿದ ಮೇಲೆಯೇ ಸ್ನಾನ, ಪೂಜೆ. 1998ರಲ್ಲಿ ಅವರಿಗೆ ಪಾರ್ಶ್ವವಾಯುವಾಗಿ ಬಲಗೈ ಸೋತಿತು. ಗಡ್ಡ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಅವರ ಪದ್ಧತಿಯನ್ನು ಬಲ್ಲೆನೆಂಬ ಹೆಮ್ಮೆಯಿಂದ ಬಳೆಯನ್ನು ಐದಕ್ಕೇ ಇಟ್ಟೆ. ಸಡಿಲಗೊಂಡಿದ್ದ ಕೆನ್ನೆಯಲ್ಲಿ ರಕ್ತ ಚಿಮ್ಮಿತು. ತಂದೆಯವರು ಮುಖ ಸಿಂಡರಿಸಲಿಲ್ಲ. ತೊದಲುತ್ತಲೇ, “ಒಂದಕ್ಕೆ ತಿರುಗಿಸಪ್ಪಾ, ಈಗ ನಾನು ಆಗಿನವನಲ್ಲ” ಎಂದರು.

ಮಠದಲ್ಲಿ ಹಲವು ವರ್ಷ ಶಾಸ್ತ್ರ ಓದಿದವನಿಗೆ ಆ ಒಂದು ಮಾತು ಸಾಕಾಯಿತು. ನಾನು ಸೇವೆ ಮಾಡಿದ್ದು ತಂದೆಗಲ್ಲ, ಅವರ ಹಳೆಯ ಅಭ್ಯಾಸಕ್ಕೆ. ಎದುರಿಗಿದ್ದ ಮುಖವನ್ನು ನಾನು ನೋಡಿರಲೇ ಇಲ್ಲ. ಅಂದಿನಿಂದ ಅವರು ಲಿಂಗೈಕ್ಯರಾಗುವವರೆಗೆ, ಏಳು ತಿಂಗಳು, ಬಳೆ ಒಂದರಲ್ಲಿಯೇ ಇತ್ತು. ಅವರು ಹೋದ ಮೇಲೆ ಅದನ್ನು ತೊಳೆದು ಒಣಗಿಸಿ ಗೂಡಿನಲ್ಲಿಟ್ಟವನು ಮತ್ತೆ ಮುಟ್ಟಲಿಲ್ಲ.

ಇದನ್ನು ಹುಡುಗನಿಗೆ ಹೇಳಿದೆ. ಅವನು ಸುಮ್ಮನಾದ. ಅವನ ಕತ್ತಿನ ತುಂಬ ಗುಳ್ಳೆಗಳಿದ್ದವು. ಸಾಲುಸಾಲು ಅಲಗುಗಳ ಪ್ಲಾಸ್ಟಿಕ್ ತಲೆ ಕೂದಲನ್ನು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುವುದರಿಂದ, ಗುಂಗುರು ಕೂದಲು ಒಳಗೇ ಮುರುಟಿ ಹಾಗಾಗುವುದುಂಟು. “ಮಾರುವುದು ಬೇಡ, ನೀನೇ ತೆಗೆದುಕೊಂಡು ಹೋಗು” ಎಂದೆ. ಜೊತೆಗೆ ಕೆಲವು ಮಾತುಗಳನ್ನೂ ಹೇಳಿದೆ. ಮೊದಲು ಒಂದರಿಂದ ಆರಂಭಿಸಬೇಕು. ರೇಜರಿನ ಭಾರವೇ ಸಾಕು, ಕೈಯಿಂದ ಒತ್ತಬಾರದು. ಬ್ಲೇಡನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಬಾರದು. ದೀಪದ ಕಂಬದಂತೆ ಹುಣಸೆಹಣ್ಣಿನಿಂದ ಉಜ್ಜಿದರೆ ಲೇಪ ಹಾಳಾಗುತ್ತದೆ. ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಸವೆದ ಬ್ಲೇಡುಗಳನ್ನು ಕಸಕ್ಕೆ ಎಸೆಯದೆ, ಸೀಳು ಮಾಡಿದ ತಗಡಿನ ಡಬ್ಬಿಯಲ್ಲಿ ಕೂಡಿಡಬೇಕು. ನಮ್ಮ ಗಲ್ಲ ನುಣುಪಾಗಲೆಂದು ಪೌರಕಾರ್ಮಿಕರ ಕೈ ಕೊಯ್ಯಬಾರದು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಹೊರಬಂದ ಹುಡುಗನ ಗದ್ದದ ಮೇಲೆ ಸಣ್ಣದೊಂದು ಗೀರಿತ್ತು. “ಎಷ್ಟಕ್ಕೆ ಇಟ್ಟಿದ್ದೆ?” ಎಂದೆ. “ಐದಕ್ಕೆ, ಮುತ್ತಜ್ಜನ ಅಂಕಿಯಲ್ಲವೇ” ಎಂದು ನಕ್ಕ. ನಾನು ಪಟಿಕದ ತುಂಡನ್ನು ಅವನ ಕೈಗೆ ಕೊಟ್ಟೆ.

ಹಿರಿಯರಿಂದ ಬಂದುದನ್ನು ಉಳಿಸಿಕೊಳ್ಳೋಣ. ಅವರ ಅಳತೆಯನ್ನು ಮಾತ್ರ ನಮ್ಮ ಮುಖಕ್ಕೆ ತಕ್ಕಂತೆ ತಿರುಗಿಸಿಕೊಳ್ಳೋಣ.