ಹೇಳೋಕೆ ನಾಚಿಕೆ, ತಡೆಯೋಕೆ ಆಗದ ನವೆ

ಈ ಸಲದ ಅಂಕಣವನ್ನು ದಯವಿಟ್ಟು ಊಟ ಆದಮೇಲೆ ಓದಿ. ಕಳೆದ ಸಲ ಬಾಲ್ಕನಿಯ ಕರಿಬೇವಿನ ಗಿಡದ ಬಗ್ಗೆ ಬರೆದಿದ್ದೆ, ಅದಕ್ಕೂ ಹಿಂದೆ ಹೆಬ್ಬಾಳ ಫ್ಲೈಓವರ್ ಮೇಲೆ ಕಳೆದುಹೋದ ನನ್ನ ಬೆಳಗಿನ ಹೊತ್ತುಗಳ ಬಗ್ಗೆ. ಇವತ್ತಿನ ವಿಷಯ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದು. ಕೂರುವ ಜಾಗದ ನವೆ. ನೇರವಾಗಿ ಹೇಳಬೇಕು ಅಂದ್ರೆ ಮಲದ್ವಾರದ ಸುತ್ತ ಬರುವ ತುರಿಕೆ. ಬರೆಯೋದಾ ಬೇಡ್ವಾ ಅಂತ ಮೂರು ವಾರ ಯೋಚನೆ ಮಾಡಿದೆ. "ಬರೀರಿ, ಆದ್ರೆ ಮಾವನ್ನ ಒಂದು ಮಾತು ಕೇಳಿ" ಅಂದಳು ಹೆಂಡತಿ. ಅಪ್ಪನನ್ನು ಯಾಕೆ ಕೇಳಬೇಕಿತ್ತು ಅನ್ನೋದು ಮುಂದೆ ಗೊತ್ತಾಗುತ್ತೆ. ಅಪ್ಪ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಹಾಕಬೇಡ, ಮಿಕ್ಕಿದ್ದು ಬರಿ" ಅಂದರು.

ಶುರುವಾಗಿದ್ದು ಹೋದ ವರ್ಷದ ಮಳೆಗಾಲದಲ್ಲಿ. ವಾರಕ್ಕೆ ಮೂರು ದಿನ ಸಹಕಾರನಗರದ ಮನೆಯಿಂದಲೇ ಕೆಲಸ, ಎರಡು ದಿನ ಆಫೀಸು. ಎಲ್ಲಿದ್ದರೂ ದಿನಕ್ಕೆ ಹತ್ತು ಗಂಟೆ ಕುರ್ಚಿ, ಐದು ಲೋಟ ಕಾಫಿ. ಮೊದಮೊದಲು ಸಣ್ಣ ನವೆ, ಮೀಟಿಂಗ್ ನಡುವೆ ಕುರ್ಚಿಯಲ್ಲಿ ಅತ್ತಿತ್ತ ಜರುಗಿದರೆ ಹೋಗ್ತಿತ್ತು. ಆಮೇಲೆ ರಾತ್ರಿ ಜಾಸ್ತಿ ಆಯ್ತು. ಮಲಗಿ ಮೈ ಬೆಚ್ಚಗಾದ ಕೂಡಲೇ ಶುರು. ಕೆರೆದರೆ ಎರಡು ನಿಮಿಷ ಸುಖ, ಆಮೇಲೆ ಅರ್ಧ ಗಂಟೆ ಉರಿ. ಬೆಳಿಗ್ಗೆ ನೋಡಿದರೆ ನಿದ್ದೆಯಲ್ಲೇ ಕೆರೆದುಕೊಂಡಿರುತ್ತಿದ್ದೆ.

ನನ್ನ ತಲೆಗೆ ಹೊಳೆದದ್ದು ಒಂದೇ ಕಾರಣ: ಸರಿಯಾಗಿ ತೊಳೀತಿಲ್ಲ. ಅದಕ್ಕೆ ಸೋಪು ಹಾಕಿ ತೊಳೆಯೋಕೆ ಶುರು ಮಾಡಿದೆ. ಸಾಲದು ಅಂತ ಸ್ನಾನದ ನೀರಿಗೆ ಹಾಕುವ ಆಂಟಿಸೆಪ್ಟಿಕ್ ತಂದೆ. ಆಫೀಸಿಗೆ ಬ್ಯಾಗಿನಲ್ಲಿ ವೆಟ್ ವೈಪ್ಸ್ ಇಟ್ಟುಕೊಂಡು ಹೋದೆ. ಎಷ್ಟು ಉಜ್ಜಿದೆನೋ ಅಷ್ಟು ನವೆ.

ಕೊನೆಗೆ ಒಂದು ಮೆಡಿಕಲ್ ಶಾಪಿಗೆ ಹೋದೆ. ಪಕ್ಕದಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಅವರು ಹೋಗುವವರೆಗೂ ಟೂತ್‌ಬ್ರಷ್ ನೋಡ್ತಾ ನಿಂತೆ. ಆಮೇಲೆ ಮೆಲ್ಲಗೆ, "ನವೆಗೆ ಒಂದು ಕ್ರೀಮ್ ಕೊಡಿ" ಅಂದೆ. ಎಲ್ಲಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಟ್ಯೂಬ್ ಕೊಟ್ಟರು. ಮೂರು ದಿನಕ್ಕೆ ನವೆ ಮಾಯ! ಇಷ್ಟೇನಾ, ಇದಕ್ಕೆ ಎರಡು ತಿಂಗಳು ಒದ್ದಾಡಿದ್ನಲ್ಲ ಅನ್ನಿಸಿತು. ಹಚ್ಚೋದು ನಿಲ್ಲಿಸಿ ನಾಲ್ಕು ದಿನಕ್ಕೆ ಮತ್ತೆ ಬಂತು. ಮತ್ತೆ ಹಚ್ಚಿದೆ, ಹೋಯ್ತು. ಹೀಗೆ ನಾಲ್ಕು ತಿಂಗಳು, ಐದು ಟ್ಯೂಬ್. ಕೊನೆಕೊನೆಗೆ ನವೆಗಿಂತ ಉರಿ ಜಾಸ್ತಿ. ಒಂದು ದಿನ ಟಿಶ್ಯೂ ಮೇಲೆ ರಕ್ತದ ಕಲೆ. ಅವತ್ತು ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಹುಡುಕುತ್ತಾ ಕೂತಿದ್ದವನನ್ನು ಹೆಂಡತಿ ನೋಡಿದಳು. ಎಲ್ಲ ಹೇಳಿದೆ. ನಗ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಬೆಳಿಗ್ಗೆ ಎದ್ದು ಕೊಡಿಗೇಹಳ್ಳಿ ಕಡೆಯ ಒಂದು ಕ್ಲಿನಿಕ್‌ನಲ್ಲಿ ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡಳು.

ಡಾಕ್ಟರು ಹೆಂಗಸು, ನನ್ನ ಅಕ್ಕನ ವಯಸ್ಸು. ನಾನು "ಸ್ವಲ್ಪ ಸ್ಕಿನ್ ಪ್ರಾಬ್ಲಮ್" ಅಂತ ರಾಗ ಎಳೆದೆ. ಅವರೇ, "ಹಿಂದುಗಡೆ ನವೆನಾ?" ಅಂದರು. ವಾರಕ್ಕೆ ಹತ್ತು ಜನ ಇದೇ ರಾಗದಲ್ಲಿ ಶುರು ಮಾಡ್ತಾರಂತೆ. ಎಡಮಗ್ಗುಲಿಗೆ ಮಲಗಿ ಮಂಡಿ ಮಡಚಬೇಕು, ನರ್ಸ್ ಪಕ್ಕದಲ್ಲಿ ಇರ್ತಾರೆ, ಮೂರು ನಿಮಿಷದ ಪರೀಕ್ಷೆ. ಆರು ತಿಂಗಳು ತಪ್ಪಿಸಿಕೊಂಡು ಓಡಾಡಿದ್ದು ಈ ಮೂರು ನಿಮಿಷಕ್ಕೆ!

ಇದಕ್ಕೆ ವೈದ್ಯರ ಭಾಷೆಯಲ್ಲಿ ಪ್ರುರೈಟಸ್ ಏನೈ ಅಂತ ಹೆಸರು. ನೂರಕ್ಕೆ 1ರಿಂದ 5 ಜನರಿಗೆ ಒಂದಲ್ಲ ಒಂದು ಕಾಲಕ್ಕೆ ಬರುತ್ತೆ, ಗಂಡಸರಿಗೆ ಹೆಚ್ಚು ಅಂತ ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ನವೆ ಅನ್ನೋದು ಒಂದೇ, ಕಾರಣ ಮಾತ್ರ ಹತ್ತಾರು: ಮೂಲವ್ಯಾಧಿ, ಬಿರುಕು, ಫಂಗಸ್, ಸೋರಿಯಾಸಿಸ್, ಸೋಪು ಅಥವಾ ವೈಪ್ಸ್‌ಗೆ ಅಲರ್ಜಿ, ಮಲ ಸ್ವಲ್ಪ ಸೋರಿ ಚರ್ಮದ ಮೇಲೆ ಉಳಿಯೋದು. ಮಕ್ಕಳಲ್ಲಾದರೆ ಬಿಳಿ ದಾರದಂಥ ಜಂತುಹುಳು. ಆ ಹೆಣ್ಣು ಹುಳು ರಾತ್ರಿ ಹೊತ್ತು ಹೊರಗೆ ಬಂದು ಮೊಟ್ಟೆ ಇಡುವುದರಿಂದ ಮಕ್ಕಳು ನಿದ್ದೆಗೆಟ್ಟು ಕೆರೆದುಕೊಳ್ತಾರೆ. ಅದಕ್ಕೆ ಮುಲಾಮು ಬೇಕಿಲ್ಲ, ಮಾತ್ರೆ ಬೇಕು. ಡಾಕ್ಟರು ಮನೆಮಂದಿಗೆಲ್ಲ ಕೊಟ್ಟು, ಎರಡು ವಾರದ ಮೇಲೆ ಇನ್ನೊಮ್ಮೆ ಕೊಡ್ತಾರೆ.

ನನ್ನ ಕೇಸಿನಲ್ಲಿ ತಪ್ಪು ಕೊಳೆಯದಲ್ಲ, ಅತಿಯಾದ ಶುಚಿಯದ್ದು. ಸೋಪು ಅಲ್ಲಿನ ಚರ್ಮದ ಎಣ್ಣೆಯಂಶ ತೆಗೆದುಬಿಡುತ್ತೆ. ವೆಟ್ ವೈಪ್ಸ್ ಕೆಡದೇ ಇರಲಿ ಅಂತ ಹಾಕುವ ರಾಸಾಯನಿಕಗಳಲ್ಲಿ ಕೆಲವು, ಮುಖ್ಯವಾಗಿ ಮಿಥೈಲ್‌ಐಸೊಥಯಾಜೊಲಿನೋನ್ ಅನ್ನೋದು, ಅಲರ್ಜಿ ತರೋದರಲ್ಲಿ ಹೆಸರುವಾಸಿ. ಕಾಫಿ ಮಲದ್ವಾರದ ಸ್ನಾಯುವಿನ ಬಿಗಿ ಸಡಿಲಿಸುತ್ತೆ, ಒದ್ದೆ ಸೋರುತ್ತೆ. ಅದರ ಮೇಲೆ ಹತ್ತು ಗಂಟೆ ಕೂತ ಬೆವರು.

ಆಮೇಲೆ ನನ್ನ ಟ್ಯೂಬನ್ನು ಕೈಗೆ ತಗೊಂಡರು. "ಇದರಲ್ಲಿ ಏನೇನಿದೆ ಓದಿದ್ದೀರಾ?" ಓದಿರಲಿಲ್ಲ. ಒಂದು ಸಾಫ್ಟ್‌ವೇರ್ ಲೈಬ್ರರಿ ಸೇರಿಸೋ ಮುಂಚೆ ಇಡೀ ಡಾಕ್ಯುಮೆಂಟ್ ಓದುವವನು, ಮೈಗೆ ಹಚ್ಚೋದನ್ನ ಓದಿರಲಿಲ್ಲ. ಕ್ಲೋಬೆಟಸಾಲ್, ಜೊತೆಗೆ ಒಂದು ಆಂಟಿಬಯಾಟಿಕ್, ಒಂದು ಫಂಗಸ್ ಔಷಧಿ. ಕ್ಲೋಬೆಟಸಾಲ್ ಅಂದ್ರೆ ಹಚ್ಚುವ ಸ್ಟೆರಾಯ್ಡ್‌ಗಳಲ್ಲೇ ಅತಿ ಪ್ರಬಲವಾದವುಗಳ ಸಾಲಿನದ್ದು. ಅಂಗೈ, ಅಂಗಾಲಿನ ದಪ್ಪ ಚರ್ಮದ ಕಾಯಿಲೆಗೆ ಡಾಕ್ಟರು ಬರೆಯೋದು. ಮಲದ್ವಾರದ ಸುತ್ತ ಚರ್ಮ ತೆಳು, ಮಡಿಕೆ ಬೇರೆ, ಯಾವಾಗಲೂ ತೇವ. ಅಲ್ಲಿ ಔಷಧಿ ಜಾಸ್ತಿ ಒಳಗಿಳಿಯುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ನೆಂದ ಕಾಗದದ ಹಾಗೆ ಹರಿಯುತ್ತೆ. ಟಿಶ್ಯೂ ಮೇಲಿನ ರಕ್ತ ಅಲ್ಲಿಂದ ಬಂದದ್ದು. ಹೊಳೆಯುವ ವಾರ್ನಿಂಗ್ ಲೈಟಿಗೆ ಟೇಪ್ ಅಂಟಿಸಿ ಗಾಡಿ ಓಡಿಸಿದ ಹಾಗೆ ನಾಲ್ಕು ತಿಂಗಳು ಓಡಿಸಿದ್ದೆ.

ಇದು ನನ್ನೊಬ್ಬನ ಕಥೆ ಅಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದ್ರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ದೇಶದ ಚರ್ಮವೈದ್ಯರ ಸಂಘ ಐಎಡಿವಿಎಲ್ ಇಂಥ ಮುಲಾಮುಗಳ ದುರ್ಬಳಕೆ ತಡೆಯೋಕೆ ಅಂತಲೇ ಒಂದು ಕಾರ್ಯಪಡೆ ಮಾಡಿಕೊಂಡಿದೆ. ಗಜಕರ್ಣಕ್ಕೆ ಜನ ಸ್ಟೆರಾಯ್ಡ್ ಬೆರಕೆ ಮುಲಾಮು ಹಚ್ಚಿ ಹಚ್ಚಿ, ಹಳೆ ಔಷಧಿಗೆ ಬಗ್ಗದ ಫಂಗಸ್ ನಮ್ಮಲ್ಲಿ ಹರಡೋಕೆ ಅದೂ ಒಂದು ಕಾರಣ ಅಂತಾರೆ ವೈದ್ಯರು. 2020ರಲ್ಲಿ ಅಂಥ ಒಂದು ಫಂಗಸ್‌ಗೆ ಟ್ರೈಕೊಫೈಟಾನ್ ಇಂಡೋಟಿನಿಯೆ ಅಂತ ಇಂಡಿಯಾದ ಹೆಸರನ್ನೇ ಇಟ್ಟರು. ಚೀಟಿ ಕೇಳದೆ ಕೊಟ್ಟದ್ದು ಅಂಗಡಿಯವರ ತಪ್ಪು ಹೌದು. ಹೆಸರು ಹೇಳದೆ ಐದು ಸಲ ಹೋಗಿ ಕೊಂಡದ್ದು ನನ್ನದೇ.

ಡಾಕ್ಟರು ನನಗೆ ಬರೆದುಕೊಟ್ಟದ್ದೂ ಸ್ಟೆರಾಯ್ಡೇ. ಆದರೆ 1 ಪರ್ಸೆಂಟ್ ಹೈಡ್ರೊಕಾರ್ಟಿಸೋನ್, ತೀರಾ ಸೌಮ್ಯವಾದದ್ದು. ಮೊದಲ ವಾರ ದಿನಕ್ಕೆರಡು ಸಲ, ಎರಡನೇ ವಾರ ರಾತ್ರಿ ಮಾತ್ರ, ಆಮೇಲೆ ಬಂದ್. ಹದಿನೈದನೇ ದಿನ ಟ್ಯೂಬಿನಲ್ಲಿ ಉಳಿದಿದ್ದರೂ ಮುಟ್ಟಬಾರದು. ಹಚ್ಚೋದು ಹೇಗೆ ಅಂತಲೂ ಹೇಳಿಕೊಟ್ಟರು, ಇದನ್ನ ಯಾರೂ ಹೇಳಲ್ಲ. ಬರೀ ನೀರಲ್ಲಿ ತೊಳೆದು, ಉಜ್ಜದೆ, ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಬೇಕು. ಹೆಸರುಕಾಳಿನಿಂದ ಬಟಾಣಿಯಷ್ಟು ಮುಲಾಮು ಸಾಕು. ಹೊರಗಿನ ಚರ್ಮಕ್ಕೆ ಮಾತ್ರ, ತೆಳ್ಳಗೆ. ಡಾಕ್ಟರು ಹೇಳದ ಹೊರತು ಒಳಗೆ ಹಾಕಬಾರದು. ಮುಂಚೆ ಕೈ ತೊಳೀಬೇಕು, ಆಮೇಲೂ ತೊಳೀಬೇಕು. ಅದು ಮುಗಿದ ಮೇಲೆ ಚರ್ಮಕ್ಕೆ ಕಾಪು ಇರಲಿ ಅಂತ ಜಿಂಕ್ ಆಕ್ಸೈಡ್ ಮುಲಾಮು. ನಿದ್ದೆಯಲ್ಲಿ ಕೆರೆಯದ ಹಾಗೆ ಒಂದು ವಾರ ರಾತ್ರಿ ಮಾತ್ರೆ. ಸೋಪು, ವೈಪ್ಸ್ ಬಂದ್. ಕಾಫಿ ಐದರಿಂದ ಒಂದಕ್ಕೆ. ಸಡಿಲ ಹತ್ತಿ ಒಳಉಡುಪು, ಉಗುರು ಮೊಟಕು, ಗಂಟೆಗೊಮ್ಮೆ ಎದ್ದು ಓಡಾಟ.

ಸುಳ್ಳು ಹೇಳಲ್ಲ, ಮೊದಲ ವಾರ ನರಕ. ಜೋರಾದ ಸ್ಟೆರಾಯ್ಡ್ ಬಿಟ್ಟಾಗ ಚರ್ಮ ಮುನಿಸಿಕೊಳ್ಳುತ್ತೆ, ನವೆ ಉರಿ ಎರಡೂ ಏರುತ್ತೆ. ಹಳೆ ಟ್ಯೂಬ್ ಕಡೆ ಕೈ ಹೋಗ್ತಿತ್ತು. ಹೆಂಡತಿ ಅದನ್ನ ಆಗಲೇ ಕಸಕ್ಕೆ ಹಾಕಿದ್ದಳು. ಹತ್ತನೇ ದಿನ ಬೆಳಗಿನವರೆಗೆ ನಿದ್ದೆ ಮಾಡಿದೆ. ಎದ್ದಾಗ ಎಂಟು ಗಂಟೆ, ಸ್ಟ್ಯಾಂಡಪ್ ಮೀಟಿಂಗ್ ತಪ್ಪಿಹೋಗಿತ್ತು.

ಇಲ್ಲಿಗೆ ಮುಗೀಬೇಕಿತ್ತು. ಸಂಕ್ರಾಂತಿಗೆ ಮಧುಗಿರಿಯಿಂದ ಅಪ್ಪ ಅಮ್ಮ ಬಂದು ಒಂದು ವಾರ ಇದ್ದು ಹೋದರು. ಅವರು ಹೋದಮೇಲೆ ಬಾತ್‌ರೂಮ್ ಶೆಲ್ಫಿನಲ್ಲಿದ್ದ ಹೈಡ್ರೊಕಾರ್ಟಿಸೋನ್ ಟ್ಯೂಬ್ ಕಾಣಲಿಲ್ಲ. ಎಲ್ಲೋ ಬಿತ್ತೇನೋ ಅಂತ ಸುಮ್ಮನಾದೆ. ತಿಂಗಳ ಮೇಲೆ ಅಮ್ಮ ಫೋನ್ ಮಾಡಿ, "ನಿಮ್ಮಪ್ಪ ರಾತ್ರಿಯೆಲ್ಲ ಹೊರಳಾಡ್ತಾರೆ ಕಣೋ. ಕೇಳಿದ್ರೆ ಏನಿಲ್ಲ ಅಂತಾರೆ. ನಿಂದೊಂದು ಟ್ಯೂಬ್ ಇಟ್ಕೊಂಡಿದಾರೆ" ಅಂದಳು. ನನಗೆ ವಾಸಿಯಾದ ಸುದ್ದಿ ಹೆಂಡತಿಯಿಂದ ಅಮ್ಮನಿಗೆ, ಅಮ್ಮನಿಂದ ಅಪ್ಪನಿಗೆ ಹೋಗಿತ್ತು. ಮಗನಿಗೆ ಗುಣ ಆದದ್ದು ತನಗೂ ಆಗುತ್ತೆ ಅಂತ ಅಪ್ಪ ಟ್ಯೂಬನ್ನು ಪಂಚೆಯ ಮಡಿಕೆಯಲ್ಲಿಟ್ಟುಕೊಂಡು ಹೋಗಿದ್ದರು.

ಅಪ್ಪ ರಿಟೈರ್ಡ್ ಮೇಷ್ಟ್ರು, 64 ವರ್ಷ. ಊರಿನ ಅರ್ಧ ಜನಕ್ಕೆ ಅರ್ಜಿ ಬರೆದುಕೊಟ್ಟವರು. ತಮ್ಮ ನವೆಯನ್ನ ಒಂದೂವರೆ ವರ್ಷ ಯಾರಿಗೂ ಹೇಳಿರಲಿಲ್ಲ. "ಅಪ್ಪಾ, ನನಗೂ ಇತ್ತು, ನೀವು ಬನ್ನಿ" ಅಂದೆ. ಬಂದರು. ಅದೇ ಡಾಕ್ಟರು, ಅದೇ ಮಗ್ಗುಲು. ಕೆಂಪಗೆ ಹರಡಿದ ಚರ್ಮ, ಅಂಚಿನಾಚೆ ಸಣ್ಣ ಸಣ್ಣ ಚುಕ್ಕಿ. ಸ್ವಲ್ಪ ಕೆರೆದು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕ್ಯಾಂಡಿಡಾ ಅನ್ನುವ ಫಂಗಸ್. ಬರೀ ಸ್ಟೆರಾಯ್ಡ್ ಹಚ್ಚಿದರೆ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ನನ್ನನ್ನ ವಾಸಿ ಮಾಡಿದ ಮುಲಾಮು ಅಪ್ಪನದನ್ನ ಬೆಳೆಸಿತ್ತು.

ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. "ಬಾಯಾರಿಕೆ ಜಾಸ್ತಿನಾ? ರಾತ್ರಿ ಎಷ್ಟು ಸಲ ಏಳ್ತೀರಾ?" ಅಂತ ಕೇಳಿದರು. ನಾಲ್ಕು ಸಲ. ವಯಸ್ಸಾಯ್ತಲ್ಲ ಅಂದುಕೊಂಡಿದ್ದರಂತೆ. ಅಲ್ಲೇ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 286. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟಿನಲ್ಲಿ 9.4. ಅಂದರೆ 6.5ರ ಗಡಿ ದಾಟಿ ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಕ್ಕರೆ ಹೆಚ್ಚಿದ್ದರೆ ಇಂಥ ಫಂಗಸ್ ಮಡಿಕೆಗಳಲ್ಲಿ ಸುಲಭವಾಗಿ ಬೇರೂರುತ್ತೆ. ವರ್ಷದಿಂದ ಮೈ ಹೇಳ್ತಿದ್ದ ಮಾತನ್ನ ಅಪ್ಪ ನಾಚಿಕೆಗೆ ಮುಚ್ಚಿಟ್ಟಿದ್ದರು.

ಕ್ಲೋಟ್ರಿಮಜೋಲ್ ಮುಲಾಮು, ಸಕ್ಕರೆಗೆ ಮಾತ್ರೆ, ಮುದ್ದೆಯಲ್ಲಿ ಅರ್ಧ ಕಡಿತ. ಮೂರು ವಾರಕ್ಕೆ ನವೆ ಹೋಯ್ತು. ಕಣ್ಣು, ಕಾಲು, ಕಿಡ್ನಿ ಎಲ್ಲ ಪರೀಕ್ಷೆ ಆಯ್ತು, ದೇವರ ದಯೆ, ಸದ್ಯಕ್ಕೆ ಕೆಟ್ಟದ್ದೇನಿಲ್ಲ. ವಾಪಸ್ ಹೋಗುವ ದಿನ ಕೊಡಿಗೇಹಳ್ಳಿ ಗೇಟಿನ ಹತ್ತಿರ ಆಟೋಗೆ ಕಾಯುತ್ತಾ ಅಪ್ಪ, "ಇಂಥದ್ದನ್ನೆಲ್ಲ ಯಾರ ಹತ್ರ ಹೇಳ್ಕೊಳ್ಳೋದು ಅಂತ ಇದ್ದೆ" ಅಂದರು. "ನಾನೂ ಹಂಗೇ ಇದ್ದೆ" ಅಂದೆ. ಇಬ್ಬರೂ ರಸ್ತೆ ನೋಡಿದೆವು.

ಓದುಗರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೀಗೆ ಸುಮ್ಮನಿರಬಹುದು. ಎರಡು ವಾರದಲ್ಲಿ ಹೋಗದ ನವೆಗೆ ಡಾಕ್ಟರನ್ನ ನೋಡಿ. ರಕ್ತ, ಗಂಟು, ತೂಕ ಇಳಿಯೋದು, ಮಲದ ರೀತಿ ಬದಲಾಗೋದು ಕಂಡರೆ ಎರಡು ವಾರವೂ ಕಾಯಬೇಡಿ, ಅದರಲ್ಲೂ 50 ದಾಟಿದವರು "ಪೈಲ್ಸ್ ಇರಬೇಕು" ಅಂತ ನೀವೇ ತೀರ್ಮಾನ ಮಾಡಬೇಡಿ. ಇವತ್ತು ಒಂದೇ ಕೆಲಸ ಮಾಡಿ. ಬಾತ್‌ರೂಮ್ ಶೆಲ್ಫಿನಲ್ಲಿರುವ ಟ್ಯೂಬ್ ತೆಗೆದು ಹಿಂದಿನ ಸಣ್ಣಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್ ಅಂತ ಇದ್ದು, ನಿಮ್ಮ ಹೆಸರಿನ ಚೀಟಿ ಇಲ್ಲದಿದ್ದರೆ ಅದು ನಿಮ್ಮದಲ್ಲ. ತಿಂಗಳುಗಟ್ಟಲೆ ಹಚ್ಚುತ್ತಿದ್ದವರು ಮುಂದೇನು ಅಂತ ಡಾಕ್ಟರನ್ನೇ ಕೇಳಿ.

ಮುಂದಿನ ಸಲ ಮತ್ತೆ ಕರಿಬೇವಿಗೆ ಬರ್ತೀನಿ. ಗಿಡಕ್ಕೆ ಎಲೆ ತುಂಬಾ ಬಿಳಿ ಚುಕ್ಕಿ ಬಂದಿದೆ. ಈ ಸಲ ಕೇಳದೆ ಏನೂ ಹಾಕಿಲ್ಲ.