ಕತ್ತಲಾದ ಫೋಟೊ, ಬಿಚ್ಚದ ಕಟ್ಟು

ಮಕ್ಕಳೇ, ಕಳೆದ ದೀಪಾವಳಿಗೆ ನಮ್ಮಕ್ಕ ಊರಿಂದ ಬಂದಿದ್ದಳು. ವಯಸ್ಸು 82. ಫೋಟೊ ಎಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಜೀವ. ಅಂಥವಳು ನನ್ನ ಮೊಮ್ಮಗಳ ಒತ್ತಾಯಕ್ಕೆ ಮಣಿದು ಹಣತೆಗಳ ಮುಂದೆ ಕೂತಳು. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. ಅಕ್ಕನೂ ನೋಡಿ ನಕ್ಕಳು. ಮರುದಿನ ಬಸ್ಸು ಹತ್ತಿ ಹೊರಟುಹೋದಳು.

ಸಂಜೆ ಮೊಮ್ಮಗಳು ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದಳು. ಎರಡು ಸೆಕೆಂಡು ಚೆನ್ನಾಗಿಯೇ ಕಂಡಿತು. ಆಮೇಲೆ ನೋಡನೋಡುತ್ತಲೇ ಮಂಕಾಯಿತು. ಅಕ್ಕನ ಮುಖ ಅರ್ಧ ಕತ್ತಲಲ್ಲಿ! "ತಾತಾ, ಹಾಳಾಗೋಯ್ತು. ಅಳಿಸಿಬಿಡ್ತೀನಿ" ಎಂದು ಅಳುಮುಖ ಮಾಡಿದಳು.

"ಸ್ವಲ್ಪ ತಡಿ" ಎಂದೆ. ನನಗೆ ಕ್ಯಾಮೆರಾ ಗೊತ್ತಿಲ್ಲ. ಆದರೆ ಯಾವ ದಾಖಲೆಯನ್ನೂ ಹರಿಯುವ ಮುಂಚೆ ಎರಡು ಸಲ ನೋಡಬೇಕೆಂದು ಬ್ಯಾಂಕಿನ ನೌಕರಿ ಕಲಿಸಿದೆ. ಇಬ್ಬರೂ ಕೂತು ಓದಿ ತಿಳಿದುಕೊಂಡದ್ದು ಹೀಗೆ.

ಬ್ಯಾಂಕಿನಲ್ಲಿ ದಿನವಿಡೀ ಬಂದ ಚಲನ್, ಚೆಕ್ಕುಗಳನ್ನೆಲ್ಲ ಸೇರಿಸಿ ವೋಚರ್ ಕಟ್ಟು ಕಟ್ಟುತ್ತಿದ್ದೆವು. ಗಿರಾಕಿಗೆ ತೋರಿಸುವುದು ಅದನ್ನಲ್ಲ, ಪಾಸ್‌ಬುಕ್ಕನ್ನು. ರಾ ಫೈಲ್ ಎಂಬುದು ಆ ವೋಚರ್ ಕಟ್ಟು. ಸೆನ್ಸರಿನ ಮೇಲೆ ಎಲ್ಲೆಲ್ಲಿ ಎಷ್ಟೆಷ್ಟು ಬೆಳಕು ಬಿತ್ತು ಎಂಬ ಲೆಕ್ಕ, ಅಷ್ಟೇ. ಕ್ಯಾಮೆರಾ ಆ ಲೆಕ್ಕದಿಂದ ಒಂದು ಜೆಪೆಗ್ ಚಿತ್ರ ಮಾಡಿ ಅದೇ ಫೈಲಿನೊಳಗೆ ಇಟ್ಟಿರುತ್ತದೆ. ಅದರ ಪರದೆಯಲ್ಲಿ ಕಾಣುವುದು ಈ ಪಾಸ್‌ಬುಕ್ಕು. ಕಂಪ್ಯೂಟರು ಮೊದಲ ಎರಡು ಸೆಕೆಂಡು ತೋರಿಸಿದ್ದೂ ಅದನ್ನೇ. ಆಮೇಲೆ ಕಟ್ಟು ಬಿಚ್ಚಿ ತನ್ನದೇ ಪಾಸ್‌ಬುಕ್ಕು ಬರೆಯಿತು.

ಅದು ಮಂಕಾದದ್ದೇಕೆ? ಕರೆಂಟು ಹೋದಾಗ ಅಜ್ಜ ಅಜ್ಜಿಯ ಜೊತೆ ಒಂದು ಪ್ರಯೋಗ ಮಾಡಿ. ಒಂದು ಹಣತೆ ಉರಿಯುವಾಗ ಇನ್ನೊಂದು ಹಚ್ಚಿದರೆ ಬೆಳಕು ಹೆಚ್ಚಿದ್ದು ಚೆನ್ನಾಗಿ ಗೊತ್ತಾಗುತ್ತದೆ. ಹತ್ತು ಉರಿಯುವಾಗ ಹನ್ನೊಂದನೆಯದು ಹಚ್ಚಿದರೆ? ಗೊತ್ತಾಗುವುದೇ ಕಷ್ಟ. ನಮ್ಮ ಕಣ್ಣು ಕತ್ತಲಲ್ಲಿನ ಸಣ್ಣ ಬೆಳಕಿಗೆ ಹೆಚ್ಚು ಬೆಲೆ ಕೊಡುತ್ತದೆ. ಸೆನ್ಸರಿಗೆ ಆ ದಾಕ್ಷಿಣ್ಯವಿಲ್ಲ. ಎರಡು ಪಟ್ಟು ಬೆಳಕಿಗೆ ಎರಡು ಪಟ್ಟು ಅಂಕಿ. ಆ ಅಂಕಿಗಳನ್ನು ಹಾಗೇ ಪರದೆಗೆ ಹಾಕಿದರೆ ಚಿತ್ರ ತೀರಾ ಕಪ್ಪಾಗುತ್ತದೆ. ಕಣ್ಣಿಗೆ ಒಪ್ಪುವಂತೆ ಅದನ್ನು ಬೆಳಗಿಸಬೇಕು. ಎಷ್ಟು ಬೆಳಗಿಸಬೇಕು ಎಂಬುದರಲ್ಲಿ ಕ್ಯಾಮೆರಾಗೂ ಕಂಪ್ಯೂಟರಿಗೂ ಒಮ್ಮತವಿಲ್ಲ.

ನಮ್ಮ ಕ್ಯಾಮೆರಾದಲ್ಲಿ ನೆರಳನ್ನು ತಾನಾಗಿ ತಿಳಿಯಾಗಿಸುವ ಸೌಲಭ್ಯ ಆನ್ ಆಗಿತ್ತು. ಹಣತೆಯ ಜ್ವಾಲೆ ಬರೀ ಬಿಳಿ ಮಚ್ಚೆಯಾಗದಿರಲೆಂದು ಅದು ಬೆಳಕನ್ನು ಕೊಂಚ ಕಡಿಮೆಯೇ ತೆಗೆದುಕೊಂಡು, ಜೆಪೆಗ್ ಮಾಡುವಾಗ ಮುಖವನ್ನು ಬೆಳಗಿಸಿತ್ತು. ಕಂಪ್ಯೂಟರಿನ ತಂತ್ರಾಂಶ ಬೇರೆ ಕಂಪನಿಯದು. ಆ ಸೂಚನೆಯನ್ನು ಅದು ಪಾಲಿಸಲಿಲ್ಲ. ಜೊತೆಗೆ, ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದ ಪರದೆ ಎಲ್ಲವನ್ನೂ ಇದ್ದುದಕ್ಕಿಂತ ಹೊಳಪಾಗಿ ಕಾಣಿಸುತ್ತದೆ.

ಬ್ಯಾಂಕಿನಲ್ಲಿ ಪಾಸ್‌ಬುಕ್ಕು ತಪ್ಪಾದರೆ ಗಾಬರಿಯಿಲ್ಲ, ಕಟ್ಟು ಇದ್ದರೆ ಸಾಕು. ಇಲ್ಲೂ ಹಾಗೆಯೇ. ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬೆಳಕಿನವರೆಗೆ 256 ಮೆಟ್ಟಿಲು. 14 ಬಿಟ್ಟಿನ ರಾ ಫೈಲಿನಲ್ಲಿ 16,384. ಅಷ್ಟು ಮೆಟ್ಟಿಲುಗಳ ನಡುವೆ ಅಕ್ಕ ಎಲ್ಲಿಗೂ ಹೋಗಿರಲಿಲ್ಲ.

ಮೊಮ್ಮಗಳು ನೆರಳಿನ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು. ಮೊದಲು ಕಿವಿಯೋಲೆ ಬಂತು, ಆಮೇಲೆ ಕೆನ್ನೆಯ ಗೆರೆ, ಕೊನೆಗೆ ಆ ನಗು. ಜ್ವಾಲೆ ಜ್ವಾಲೆಯಾಗಿಯೇ ಉಳಿಯಿತು.

ಪ್ರಿಂಟು ಹಾಕಿಸಿ ಊರಿಗೆ ಕಳಿಸಿದೆವು. ವಾರದ ಮೇಲೆ ಅಕ್ಕನ ಫೋನು: "ನಾನು ಇಷ್ಟು ಮುದುಕಿ ಆಗಿದೀನೇನೋ?" ಒಂದು ಗಳಿಗೆ ಬಿಟ್ಟು, "ಇನ್ನೊಂದು ಪ್ರತಿ ಕಳ್ಸು. ಪಕ್ಕದ ಮನೆಯವಳು ಕೇಳ್ತಿದಾಳೆ."